ಮುಕ್ಕಾಲು ಜಿಬಿಯ ಕಣ್ಮರೆ: ಒಂದು ಜಾನಪದೀಯ ವಿವೇಚನೆ

ಗಣಕಯಂತ್ರದಲ್ಲಿ 4 ಜಿಬಿ ರ‍್ಯಾಮ್ ಕೂರಿಸಿದ ಮೇಲೂ ವಿಂಡೋಸ್ 3.25 ಜಿಬಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ವಿದ್ಯಮಾನವನ್ನು ಎಂಜಿನಿಯರುಗಳು ತಮ್ಮ ಸ್ವತ್ತೆಂದು ಭಾವಿಸಿಕೊಂಡು ಬಂದಿರುವರಾದರೂ, ಅದು ಮೂಲತಃ ಜಾನಪದದ ವಸ್ತುವೆಂದು ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ರ‍್ಯಾಮ್ ಎಂದರೆ ವಿದ್ಯುತ್ ಇರುವಷ್ಟು ಹೊತ್ತು ವಿಷಯಗಳನ್ನು ಹಿಡಿದಿಟ್ಟು, ಕರೆಂಟು ಹೋದೊಡನೆ ಎಲ್ಲವನ್ನೂ ಮರೆತುಬಿಡುವ ಚಿಪ್ಪುಗಳ ಪಟ್ಟಿ.

ಈ ವಾದಕ್ಕೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಗಿಂತ ತಕ್ಕ ನೆಲೆಯಿಲ್ಲ. ಒಂದೆಡೆ 2011ರಲ್ಲಿ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇನ್ನೊಂದೆಡೆ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿನ ಹಳ್ಳಿಬದುಕಿನ ಶಿಲ್ಪಗಳೂ ಇರುವುದರಿಂದ, ನೆನಪನ್ನು ಬಾಯಲ್ಲಿ ಕಾಯುವ ಮತ್ತು ಬಯಲಲ್ಲಿ ನಿಲ್ಲಿಸುವ ಎರಡೂ ವಿಧಾನಗಳು ಅಲ್ಲಿ ಸಿಗುತ್ತವೆ. ಎರಡಕ್ಕೂ ಕರೆಂಟು ಬೇಕಿಲ್ಲ.

ರಷ್ಯಾದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಅದ್ಭುತ ಕಥೆಗಳನ್ನು 31 ಕ್ರಿಯೆಗಳಾಗಿ ಬಿಡಿಸಿದನಷ್ಟೆ. ಅವುಗಳಲ್ಲಿ ಮೊದಲನೆಯದು ಮನೆಯವರಲ್ಲೊಬ್ಬರು ಕಾಣೆಯಾಗುವುದು. ಮುಕ್ಕಾಲು ಜಿಬಿ ಕಾಣೆಯಾಗುವುದರೊಂದಿಗೆ ಇಲ್ಲಿಯೂ ಕಥೆ ಆರಂಭವಾಗುತ್ತದೆ. ಮೆಮೊರಿಯ ವಿಳಾಸ ಬರೆಯಲು ಯಂತ್ರ ಬಳಸುವ ಬಿಟ್‌ಗಳು 32, ಪ್ರಾಪನ ಕ್ರಿಯೆಗಳು 31 ಎಂದು ಆಕ್ಷೇಪಿಸುವವರು, ಬಿಟ್‌ಗಳ ಎಣಿಕೆ ಸೊನ್ನೆಯಿಂದ ಹಿಡಿದು ಕೊನೆಯದು 31ಕ್ಕೇ ನಿಲ್ಲುವುದನ್ನು ಗಮನಿಸಿಲ್ಲ.

ಪರಿಹಾರಗಳ ಪಾಠಾಂತರಗಳನ್ನು ಫಿನ್ನಿಷ್ ಪಂಥದವರಂತೆ ಸಂಗ್ರಹಿಸಿ ಹೋಲಿಸಿದಾಗ, ಅತಿ ವ್ಯಾಪಕವಾದುದು ರಬ್ಬರ್ ಪಾಠವೆಂದು ತಿಳಿಯುತ್ತದೆ: ಪಟ್ಟಿಯನ್ನು ಕಿತ್ತು, ಅದರ ಹೊಂಬಣ್ಣದ ಅಂಚನ್ನು ಶಾಲೆಯ ರಬ್ಬರಿನಿಂದ ಉಜ್ಜಿ, ಟಕ್ ಎನ್ನುವವರೆಗೆ ಮರಳಿ ಒತ್ತಬೇಕು. 4 ಜಿಬಿ ಇದ್ದಲ್ಲಿ 2 ಮಾತ್ರ ಕಂಡರೆ, ಅಂದರೆ ಇಡೀ ಪಟ್ಟಿಯೊಂದು ಮಾಯವಾಗಿದ್ದರೆ, ಇದು ಫಲಿಸುವುದುಂಟು. ವಿಂಡೋಸಿನ ಎಂಎಸ್‌ಕಾನ್ಫಿಗ್ ಎಂಬ ಸೆಟ್ಟಿಂಗ್ ಕಿಟಕಿಯಲ್ಲಿ ಗರಿಷ್ಠ ಮೆಮೊರಿಯ ಗುರುತನ್ನು ತೆಗೆಯಬೇಕೆನ್ನುವ ಪಾಠ ಪಂಡಿತರದು. ‘ಫಾರ್ಮ್ಯಾಟ್ ಹೊಡೀರಿ, ಎಲ್ಲಾ ಸರಿ ಆಗ್ತೈತಿ’ ಎಂಬುದು ಎಲ್ಲ ಕಥೆಗಳಿಗೂ ಒಗ್ಗುವ ಸಂಚಾರಿ ಆಶಯವಾದ್ದರಿಂದ ಅದನ್ನು ಚರ್ಚೆಯಿಂದ ಕೈಬಿಡಲಾಗಿದೆ.

ಮೂಲಪಾಠ ಸಿಗುವುದು ಪಹಣಿಯಲ್ಲಿ. 32 ಬಿಟ್‌ಗಳಿಂದ 4,29,49,67,296 ವಿಳಾಸಗಳನ್ನಷ್ಟೇ ಬರೆಯಬಹುದಾಗಿದ್ದು, ಒಂದೊಂದು ವಿಳಾಸಕ್ಕೆ ಒಂದೊಂದು ಬೈಟಿನಂತೆ ಅದು ಸರಿಯಾಗಿ 4 ಜಿಬಿಯಾಗುತ್ತದೆ. ಆದರೆ ಗ್ರಾಫಿಕ್ಸ್ ಕಾರ್ಡು ಮೊದಲಾದ ಸಾಧನಗಳೂ ಅದೇ ಸಾಲಿನ ಮೇಲ್ತುದಿಯಲ್ಲಿ ತಮಗೆ ವಿಳಾಸ ಹಿಡಿಯುವುದರಿಂದ, ಆ ಭಾಗದ ರ‍್ಯಾಮಿಗೆ ಸಂಖ್ಯೆ ದೊರೆಯದೆ ಅದು ಇದ್ದೂ ಇಲ್ಲದಂತಾಗುತ್ತದೆ. ಹಳ್ಳ, ಬಂಡಿದಾರಿ, ಕಲ್ಲುಬಂಡೆಗಳು ಹಿಡಿದ ನೆಲವನ್ನು ಕಂದಾಯ ಇಲಾಖೆ ಫೂಟ್ ಖರಾಬ್ ಎಂದು ಕಳೆದು ಉಳಿದುದನ್ನು ಸಾಗುವಳಿಗೆ ತೋರಿಸುವ ಕ್ರಮವೂ ಇದೇ. 4 ಎಕರೆಯಲ್ಲಿ 30 ಗುಂಟೆ ಖರಾಬು ಹೋದರೆ ಉಳಿಯುವುದು 3 ಎಕರೆ 10 ಗುಂಟೆ. 40 ಗುಂಟೆಗೆ ಎಕರೆಯಾದುದರಿಂದ ಅದು 3.25ಕ್ಕೆ ಕರಾರುವಾಕ್ಕಾಗಿ ಸಮ. ಇಷ್ಟಾದರೂ ಆ 30 ಗುಂಟೆಯನ್ನು ಮರಳಿ ಪಡೆಯಲು ಹೊಲವನ್ನು ರಬ್ಬರಿನಿಂದ ಉಜ್ಜಿದ ರೈತ ಕ್ಷೇತ್ರಕಾರ್ಯದಲ್ಲಿ ಎಲ್ಲಿಯೂ ಸಿಕ್ಕಿಲ್ಲ.

ವಿರೋಧಪಕ್ಷಕ್ಕೆ ಬಲವಿಲ್ಲದಿಲ್ಲ. 1995ರ ಪೆಂಟಿಯಂ ಪ್ರೊ ಕಾಲದಿಂದಲೇ ಪಿಎಇ ಎಂಬ ಏರ್ಪಾಡಿನಿಂದ 36 ಬಿಟ್‌ಗಳ ವಿಳಾಸ, ಅಂದರೆ 64 ಜಿಬಿವರೆಗಿನ ನೆಲ, 32 ಬಿಟ್ ಯಂತ್ರಕ್ಕೂ ಎಟುಕುತ್ತಿತ್ತು. ಆದರೆ ದೊಡ್ಡ ವಿಳಾಸ ಕಂಡು ಕಂಗೆಡುವ ಡ್ರೈವರ್‌ಗಳಿಗೆ, ಅಂದರೆ ಸಾಧನಗಳನ್ನು ನಡೆಸುವ ತಂತ್ರಾಂಶಗಳಿಗೆ, ಹೆದರಿ ಮನೆಬಳಕೆಯ ವಿಂಡೋಸ್ ಎಕ್ಸ್‌ಪಿಯನ್ನು ಸರ್ವಿಸ್ ಪ್ಯಾಕ್ 2ರಿಂದ 4 ಜಿಬಿಯ ವಿಳಾಸಗಳೊಳಗೇ ಕಟ್ಟಿಹಾಕಲಾಯಿತು. ಕೊರತೆ ನೆಲದ್ದಲ್ಲ, ದಫ್ತರದ್ದು.

ಪ್ರೊಸೆಸರ್ ಒಪ್ಪುವುದಾದರೆ 64 ಬಿಟ್ ವಿಂಡೋಸ್ ಹಾಕುವುದೇ ಮದ್ದು. ಹಳೆಯ ಬೋರ್ಡುಗಳಲ್ಲಿ ಬಯೋಸ್‌ನ ಮೆಮೊರಿ ರೀಮ್ಯಾಪ್ ಆಯ್ಕೆಯನ್ನೂ ಚಾಲೂ ಮಾಡಬೇಕಾದೀತು. ಆಗಲೂ ಬೋರ್ಡಿನೊಳಗಿನ ಗ್ರಾಫಿಕ್ಸ್ ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. ಆದ್ದರಿಂದ ರಬ್ಬರನ್ನು ಕೈಗೆತ್ತಿಕೊಳ್ಳುವ ಮುನ್ನ ಸಿಸ್ಟಂ ಪುಟವನ್ನು ತೆರೆದು ಅಲ್ಲಿ 32 ಬಿಟ್ ಎಂದಿದೆಯೇ ನೋಡಬೇಕೆಂದು ವಾಚಕರಲ್ಲಿ ವಿನಂತಿ.