ಸಬ್ಮಿಟ್ ಆಗೋದೊಂದೇ ಬಾಕಿ

ಹಳೇಬೀಡಿನ ಹೊಯ್ಸಳೇಶ್ವರ ಗುಡಿಗೆ ಮಂಗಳವಾರ, ಬುಧವಾರದಂಥ ಜನವಿಲ್ಲದ ದಿನ ಹೋದರೆ ಅವನು ಸಿಗುತ್ತಾನೆ. ಬಂದವರೆಲ್ಲ ಕೈಲಾಸ ಎತ್ತುವ ರಾವಣನ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರೆ, ಇವನು ರಾವಣನಿಗೆ ಬೆನ್ನು ಹಾಕಿ ಅಕ್ಷರ ಕೊರೆದ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಾನೆ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಹೈಸ್ಕೂಲಿನ ಕಂಪಾಸ್ ಬಾಕ್ಸಿನ ಅರ್ಧ ಅಡಿ ಸ್ಕೇಲು. ಚೀಲದಲ್ಲಿ ಟ್ರೈಪಾಡ್ ಇದೆ. ಅದು ಚೀಲದಲ್ಲೇ ಇರುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕದೊಳಗೆ ಟ್ರೈಪಾಡ್ ಬಿಡಿಸಲು ಅನುಮತಿ ಬೇಕು, ಅನುಮತಿ ಕೇಳುವ ಪತ್ರಕ್ಕೆ ವಿಭಾಗದ ಮುಖ್ಯಸ್ಥರ ಸಹಿ ಬೇಕು, ಮುಖ್ಯಸ್ಥರು ನ್ಯಾಕ್ ಕೆಲಸದಲ್ಲಿದ್ದಾರೆ. ಹೀಗಾಗಿ ಉಸಿರು ಕಟ್ಟಿ ಫೋಟೋ ತೆಗೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದಾನೆ. ಪ್ರಾಣಾಯಾಮಕ್ಕೆ ಕೋರ್ಸ್‌ವರ್ಕಿನಲ್ಲಿ ಕ್ರೆಡಿಟ್ ಇಲ್ಲ.

ಇವನೇ ನಮ್ಮ ರಿಸರ್ಚ್ ಸ್ಕಾಲರ್. ಊರು ಅರಸೀಕೆರೆ, ವಿಷಯ ಕಂಪ್ಯೂಟರ್ ಸೈನ್ಸ್. ಪಿಎಚ್.ಡಿ. ಎಲ್ಲಿಗೆ ಬಂತು ಎಂದು ಯಾರೇ ಕೇಳಲಿ, ಎಷ್ಟನೇ ವರ್ಷದಲ್ಲೇ ಕೇಳಲಿ, ಉತ್ತರ ಒಂದೇ: "ಎಲ್ಲಾ ಆಗಿದೆ, ಸಬ್ಮಿಟ್ ಆಗೋದೊಂದೇ ಬಾಕಿ." ಪ್ರಬಂಧದ ಹೆಸರು 'ಎ ನಾವೆಲ್ ಹೈಬ್ರಿಡ್ ಡೀಪ್ ಲರ್ನಿಂಗ್ ಫ್ರೇಮ್‌ವರ್ಕ್ ಫಾರ್ ರೆಕಗ್ನಿಷನ್ ಆಫ್ ಡಿಗ್ರೇಡೆಡ್ ಹೊಯ್ಸಳ ಎರಾ ಕನ್ನಡ ಇನ್‌ಸ್ಕ್ರಿಪ್ಷನ್ಸ್'. ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಳ್ಳಲು ಹೋದರೆ ಎರಡು ಟಿಕೆಟ್ ಬೇಕು. ತಾತ್ಪರ್ಯ ಇಷ್ಟೆ: ಸವೆದುಹೋದ ಶಾಸನದ ಫೋಟೋ ತೋರಿಸಿದರೆ ಕಂಪ್ಯೂಟರು ಅದನ್ನು ಓದಬೇಕು.

ಒಳ್ಳೆಯ ಕೆಲಸವೇ. ಕೈಬರಹದ ಕನ್ನಡ ಅಂಕಿಗಳಿಗಾದರೆ 2019ರಲ್ಲೇ 'ಕನ್ನಡ ಎಂನಿಸ್ಟ್' ಎಂಬ 70,000 ಚಿತ್ರಗಳ ಸಂಗ್ರಹ ಬಂದಿದೆ. ಇಳಿಸಿಕೊಂಡು ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಸಂಶೋಧನೆ ಮಾಡಬಹುದು. ಹೊಯ್ಸಳರ ಅಕ್ಷರ ಬೇಕಾದರೆ ಬಿಸಿಲಿಗೇ ಬರಬೇಕು. ಶಾಸನ ಬಲ್ಲವರು ಬೆಳಿಗ್ಗೆ ಅಥವಾ ಇಳಿಹೊತ್ತಿನ ಓರೆ ಬಿಸಿಲಿಗೆ ಕಾಯುತ್ತಾರೆ; ಆಗ ಕೊರೆದ ಗೆರೆಯಲ್ಲಿ ನೆರಳು ಕೂತು ಅಕ್ಷರ ಎದ್ದು ಕಾಣುತ್ತದೆ. ನಮ್ಮವನು ಅತಿಥಿ ಉಪನ್ಯಾಸಕ. ಬೆಳಗಿನ ಎರಡು ಪಿರಿಯಡ್ ಸಿ ಪ್ರೋಗ್ರಾಮಿಂಗ್ ಮುಗಿಸಿ ಬಸ್ ಹಿಡಿದು ಬಂದು ಇಳಿಯುವಾಗ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಚಪ್ಪಲಿ ಹೊರಗೆ ಬಿಟ್ಟಾಯಿತು, ಜಗತಿಯ ಕಲ್ಲು ಕಾದಿದೆ, ಒಂದು ಕಾಲು ಊರಿ ಇನ್ನೊಂದು ಎತ್ತಿ, ಅದನ್ನು ಊರಿ ಇದನ್ನು ಎತ್ತಿ ಫೋಟೋ ತೆಗೆಯುತ್ತಾನೆ. ಚಿತ್ರಗಳಲ್ಲಿ ಅರ್ಧದಷ್ಟು ಅಲುಗಿರುವುದಕ್ಕೆ ಕಾರಣ ಅಂಗಾಲು. ಪ್ರಬಂಧದಲ್ಲಿ ಅದಕ್ಕೆ 'ಮೋಷನ್ ಬ್ಲರ್' ಎಂದು ಹೆಸರಿಟ್ಟು, ನಿವಾರಣೋಪಾಯದ ಮೇಲೆ ಒಂದು ಇಡೀ ಅಧ್ಯಾಯ ಬರೆದಿದ್ದಾನೆ. ಎರಡು ಗಂಟೆ ತಡವಾಗಿ ಬರುವುದು ಎಂಬ ಉಪಾಯ ಅದರಲ್ಲಿಲ್ಲ.

ಮನೆಯಲ್ಲಿ ಅಪ್ಪ ಕೊಬ್ಬರಿ ವ್ಯಾಪಾರಿ. ಮಗನ ಸಂಶೋಧನೆಯನ್ನು ತಮ್ಮ ಅಳತೆಯಲ್ಲೇ ಅಳೆಯುತ್ತಾರೆ. "ಅಲ್ಲಾ ಕಣ್ಲಾ, ಕಾಯಿ ಅಟ್ಟಕ್ಕೆ ಹಾಕುದ್ರೆ ಹತ್ತು ಹನ್ನೆರಡು ತಿಂಗ್ಳಿಗೆ ಉಂಡೆ ಕೊಬ್ಬರಿ ಆಗಿ ಇಳೀತದೆ. ನೀನು ಅಟ್ಟ ಹತ್ತಿ ಐದು ವರ್ಷ ಆಯ್ತು. ಕಿವಿ ಹತ್ರ ಹಿಡ್ದು ಅಲ್ಲಾಡ್ಸಿದ್ರೆ ಕೊಬ್ಬರಿ ಗಡಗಡ ಅನ್ಬೇಕು. ನಿನ್ನ ಅಲ್ಲಾಡ್ಸಿದ್ರೆ ಇನ್ನೂ ನೀರು ಕುಲುಕಾಡ್ತದಲ್ಲೋ!" ಅಮ್ಮ ಮಗನ ಪರ. ಹೆಣ್ಣು ಕೊಡಲು ಬಂದವರಿಗೆ "ಬೇಲೂರು ದೇವಸ್ಥಾನದ ಕಂಪ್ಯೂಟರ್ ಕೆಲ್ಸ" ಎಂದು ಹೇಳಿಟ್ಟಿದ್ದಾರೆ. ಹೀಗಾಗಿ ಬೀಗರಾಗಬೇಕಾದವರೊಬ್ಬರು ಧನುರ್ಮಾಸದ ಪೂಜೆಗೆ ಆನ್‌ಲೈನ್ ಬುಕಿಂಗ್ ಮಾಡಿಸಿಕೊಡಲು ಕೇಳಿದರು. ಅವನು ಮಾಡಿಸಿಯೂ ಕೊಟ್ಟ. ಇವತ್ತಿಗೂ ಅವನ ಸಂಶೋಧನೆಯಿಂದ ಸಮಾಜಕ್ಕೆ ನೇರವಾಗಿ ದಕ್ಕಿದ ಫಲ ಅದೊಂದೇ.

ಫೋಟೋ ತೆಗೆದರೆ ಸಾಲದು, ಅಕ್ಷರಗಳನ್ನು ಒಂದೊಂದಾಗಿ ಕತ್ತರಿಸಿ ಇದು 'ಕ', ಇದು 'ಗ' ಎಂದು ಚೀಟಿ ಅಂಟಿಸಬೇಕು. ತೊಡಕು ಬಂದದ್ದು ಇಲ್ಲಿ. ನಮ್ಮ ಸ್ಕಾಲರಿಗೆ ಹಳಗನ್ನಡ ಲಿಪಿ ಓದಲು ಬರುವುದಿಲ್ಲ. ಪ, ಮ, ವ ಮೂರೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ. ಆಗ ನೆರವಿಗೆ ಬಂದವರು ಅರಸೀಕೆರೆಯ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು. ರೈಸ್ ಸಾಹೇಬರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ಪಂಚಾಂಗದಷ್ಟು ಸಲೀಸಾಗಿ ತಿರುವಿಹಾಕುವವರು. ಎರಡು ಬೇಸಿಗೆ ರಜೆ ಪೂರ್ತಿ ಅವರು ಜಗುಲಿಯ ಮೇಲೆ ಕೂತು, ಲ್ಯಾಪ್‌ಟಾಪಿನ ಪರದೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು, "ಇದು ಱ ಕಣಯ್ಯಾ, ರ ಅಲ್ಲ. ಇದು ೞ. ಮುಟ್ಟಬೇಡ, ಬರೆದುಕೋ" ಎಂದು ಸಾವಿರಾರು ಅಕ್ಷರಗಳಿಗೆ ನಾಮಕರಣ ಮಾಡಿದರು. ಸಂಭಾವನೆ, ಎರಡು ಹೊತ್ತಿನ ಕಾಫಿ. ಅದೂ ಅವರ ಮನೆಯದೇ.

ೞ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಇಷ್ಟು ಕಡಿಮೆ ಮಾದರಿಯಿದ್ದರೆ ಮಾಡೆಲ್ಲಿನ ಅಂಕ ಇಳಿಯುತ್ತದೆ ಎಂದು ನಮ್ಮವನು ಆ ಅಕ್ಷರವನ್ನೇ ಪಟ್ಟಿಯಿಂದ ತೆಗೆದುಹಾಕಿದ. ಕನ್ನಡಿಗರು ಕೆಲವು ಶತಮಾನ ತೆಗೆದುಕೊಂಡು ಬಿಟ್ಟ ಅಕ್ಷರವನ್ನು ಅವನು ಒಂದು ಮಧ್ಯಾಹ್ನದಲ್ಲಿ ಬಿಟ್ಟ. ಮೇಷ್ಟ್ರಿಗೆ ಇನ್ನೂ ಹೇಳಿಲ್ಲ.

ಉಳಿದ ಅಕ್ಷರಗಳನ್ನು ಹೆಚ್ಚಿಸುವ ವಿದ್ಯೆಗೆ ಆಗ್ಮೆಂಟೇಷನ್ ಎಂದು ಹೆಸರು. ಒಂದು 'ಕ'ವನ್ನು ಎಡಕ್ಕೆ ಓರೆ ಮಾಡು, ಬಲಕ್ಕೆ ಓರೆ ಮಾಡು, ಮಸುಕು ಮಾಡು, ಧೂಳು ಎರಚು, ಒಂದೇ 'ಕ' ಇಪ್ಪತ್ತಾಗುತ್ತದೆ. ತಪ್ಪೇನಿಲ್ಲ, ಜಗತ್ತೆಲ್ಲ ಮಾಡುತ್ತದೆ. ಆದರೆ ಮೊದಲು ಪಾಠದ ಅಕ್ಷರ ಬೇರೆ, ಪರೀಕ್ಷೆಯ ಅಕ್ಷರ ಬೇರೆ ಎಂದು ವಿಂಗಡಿಸಿ, ಆಮೇಲೆ ಹೆಚ್ಚಿಸಬೇಕು. ನಮ್ಮವನು ಮೊದಲು ಹೆಚ್ಚಿಸಿ ಆಮೇಲೆ ವಿಂಗಡಿಸಿದ. ಓರೆ 'ಕ' ಪಾಠಕ್ಕೆ ಹೋಯಿತು, ಅದರದ್ದೇ ನೆಟ್ಟಗಿನ 'ಕ' ಪರೀಕ್ಷೆಗೆ ಬಂತು, ಮಾಡೆಲ್ಲು ನೂರಕ್ಕೆ 98.6 ತೆಗೆಯಿತು. ಆ ಸಂತೋಷದಲ್ಲಿ ಅವನು ಬೇಲೂರು ತಾಲ್ಲೂಕಿನ ಹಲ್ಮಿಡಿಗೂ ಹೋಗಿಬಂದ. ಕ್ರಿ.ಶ. 450ರ ಸುಮಾರಿನ, ಹದಿನಾರು ಸಾಲಿನ ಆ ಶಾಸನದ ಮೂಲಕಲ್ಲು ಇರುವುದು ಮೈಸೂರಿನಲ್ಲಿ, ಊರಲ್ಲಿರುವುದು ಪ್ರತಿಕೃತಿ. ಸವೆತವಿಲ್ಲ, ಪಾಚಿಯಿಲ್ಲ, ಫೋಟೋ ಚೊಕ್ಕವಾಗಿ ಬಂತು. 'ಡಿಗ್ರೇಡೆಡ್' ಎಂಬ ಅಧ್ಯಾಯದಲ್ಲಿ ಅವನ ಅತ್ಯುತ್ತಮ ಚಿತ್ರ ಅದೇ. ಹಲ್ಮಿಡಿ ಹೊಯ್ಸಳರಿಗಿಂತ ಆರು ನೂರು ವರ್ಷ ಹಿಂದಿನದು ಎಂಬುದನ್ನು ಇದುವರೆಗೆ ಯಾರೂ ಎತ್ತಿಲ್ಲ. ನಾನೂ ಎತ್ತುವುದಿಲ್ಲ, ಅವನಿಗೆ ಇನ್ನೂ ಮದುವೆಯಾಗಬೇಕು.

ಪೇಪರು ಬರೆಯುವುದು ಇನ್ನೊಂದು ಪರ್ವ. ಕೃತಿಚೌರ್ಯದ ಬಗ್ಗೆ ಯುಜಿಸಿ 2018ರಲ್ಲಿ ಮಾಡಿದ ನಿಯಮದ ಪ್ರಕಾರ ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಆದರೆ ಕನ್ನಡ ಅಕ್ಷರಗಳ ಮೇಲೆ ಸಂಶೋಧನೆ ಮಾಡಿದವರೆಲ್ಲ 'ಕನ್ನಡವು ಕರ್ನಾಟಕದ ಆಡಳಿತ ಭಾಷೆ, ಅದಕ್ಕೆ 49 ಅಕ್ಷರಗಳಿವೆ' ಎಂದೇ ಶುರುಮಾಡಿರುವುದರಿಂದ, ಬಾಯಿ ತೆರೆಯುವ ಮುನ್ನವೇ ನಮ್ಮವನು ಕಳ್ಳನಾಗುತ್ತಾನೆ. ಈ ಒಂದು ವಾಕ್ಯವನ್ನು ಅವನು ಎಷ್ಟು ಬಗೆಯಲ್ಲಿ ತಿರುಚಿ ಬರೆದಿದ್ದಾನೆಂದರೆ, ಕೊನೆಯ ರೂಪದಲ್ಲಿ 49 ಅಕ್ಷರಗಳು ಕರ್ನಾಟಕವನ್ನು ಆಳುತ್ತಿವೆ.

ಪೇಪರಿನಲ್ಲಿ ಐದು ಹೆಸರುಗಳಿವೆ. ಗೈಡ್ ಸರ್, ಗೈಡ್ ಸರ್ ಅವರ ಗೈಡ್, ವಿಭಾಗದ ಮುಖ್ಯಸ್ಥರು, ಲ್ಯಾಬಿನ ಬೀಗದ ಕೈ ಇಟ್ಟುಕೊಂಡಿರುವ ಸಹಪ್ರಾಧ್ಯಾಪಕರು, ಕೊನೆಗೆ ನಮ್ಮವನು. ಐವರಲ್ಲಿ ನಾಲ್ವರು ಬೇಲೂರನ್ನು ಕಂಡಿದ್ದು ಶಾಲೆಯ ಪ್ರವಾಸದಲ್ಲಿ. ಅದೇ ಬೇಲೂರಿನಲ್ಲಿ, 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ, ಮದನಿಕೆ ಕೆತ್ತಿದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರೂ ತಮ್ಮ ತಮ್ಮ ಕೆಲಸದ ಕೆಳಗೆ ತಮ್ಮ ತಮ್ಮ ಹೆಸರನ್ನೇ ಕೊರೆದಿದ್ದಾರೆ. ಉಳಿ ಕೊಡಿಸಿದವನ ಹೆಸರು ಮೊದಲು ಬರಬೇಕೆಂದು ಯಾರೂ ತಗಾದೆ ಮಾಡಿದಂತಿಲ್ಲ. ಮೇಷ್ಟ್ರು ಆ ಸಾಲುಗಳನ್ನು ಬೆರಳಿಟ್ಟು ಓದಿ ತೋರಿಸಿದಾಗ ನಮ್ಮವನ ಮುಖ ಸಪ್ಪಗಾಯಿತು. ಮೇಷ್ಟ್ರ ಹೆಸರು ಪೇಪರಿನಲ್ಲಿ ಇಲ್ಲ. ಕೃತಜ್ಞತೆಯಲ್ಲಿ 'ಒಬ್ಬ ಡೊಮೇನ್ ಎಕ್ಸ್‌ಪರ್ಟ್' ಎಂದಿದೆ.

ಬೇಲೂರಿಗೆ ಹೋದಾಗಲೆಲ್ಲ ಅವನು ಕಪ್ಪೆ ಚೆನ್ನಿಗರಾಯನಿಗೆ ಕೈ ಮುಗಿಯುತ್ತಾನೆ. ಐತಿಹ್ಯ ನಿಮಗೆ ಗೊತ್ತು: ಜಕಣಾಚಾರಿ ಕೆತ್ತಿದ ಮೂರ್ತಿಯಲ್ಲಿ ಐಬಿದೆ ಎಂದು ಹುಡುಗ ಡಂಕಣ ಹೇಳಿದ; ಮೈಗೆಲ್ಲ ಗಂಧ ಹಚ್ಚಿದರೆ ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ; ಒಡೆದು ನೋಡಿದರೆ ಕಪ್ಪೆ. ಜಕಣ ಆಡಿದ ಮಾತಿಗೆ ತಪ್ಪದೆ ಬಲಗೈ ಕತ್ತರಿಸಿಕೊಂಡ. ನಮ್ಮವನ ಪೇಪರಿಗೂ ಒಬ್ಬ ಡಂಕಣ ಸಿಕ್ಕಿದ್ದ. ಎರಡನೇ ರಿವ್ಯೂವರ್ ಒಂದೇ ಸಾಲು ಬರೆದಿದ್ದರು: ಹೆಚ್ಚಿಸಿದ್ದು ಮೊದಲೋ, ವಿಂಗಡಿಸಿದ್ದು ಮೊದಲೋ? ಕಪ್ಪೆ ಕುಪ್ಪಳಿಸಿ ಹೊರಗೆ ಬಿತ್ತು. ನಮ್ಮವನು ಕೈ ಕತ್ತರಿಸಿಕೊಳ್ಳಲಿಲ್ಲ, ಬೇರೆ ಜರ್ನಲ್ಲಿಗೆ ಕಳಿಸಿದ. ಅಲ್ಲಿ ರಿವ್ಯೂವರುಗಳಿಲ್ಲ, ಬ್ಯಾಂಕ್ ಖಾತೆಯ ಸಂಖ್ಯೆ ಇದೆ.

ಅವನನ್ನು ನಿಜಕ್ಕೂ ಹೆದರಿಸಿದ್ದು ಅಕ್ಕನ ಮಗಳು. ಒಂಬತ್ತನೇ ಕ್ಲಾಸಿನ ಹುಡುಗಿ, ಶಾಸನದ ಫೋಟೋವನ್ನು ಮೊಬೈಲಿನ ಎಐಗೆ ತೋರಿಸಿ, "ಮಾಮ, ಇದು ಓದ್ತದಲ್ಲ, ನೀನ್ಯಾಕೆ ಐದು ವರ್ಷ ಒದ್ದಾಡ್ತಿದೀಯಾ?" ಎಂದಳು. ಅವನು ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಮೇಷ್ಟ್ರು ನೋಡಿ, ಎಐ ಓದಿದ ರಾಜನೂ ಸುಳ್ಳು, ದಾನವೂ ಸುಳ್ಳು, ಕಲ್ಲಿನಲ್ಲಿರುವುದು ಕೆರೆಯ ಗದ್ದೆಯ ಲೆಕ್ಕ ಎಂದಾಗ ನಮ್ಮವನು ಕೇರಿಗೆಲ್ಲ ಮೈಸೂರುಪಾಕು ಹಂಚಿದ.

ಗಡುವು ಎಂದರೆ ಮಾತ್ರ ಹಳೇಬೀಡಿನತ್ತ ಕೈ ತೋರಿಸುತ್ತಾನೆ. 1121ರ ಹೊತ್ತಿಗೆ ಶುರುವಾದದ್ದು, ದಶಕಗಟ್ಟಲೆ ಕೆತ್ತಿದರು, ಶಿಖರವಿಲ್ಲದೇ ನಿಂತಿದೆ, ಆದರೂ 2023ರಲ್ಲಿ ಯುನೆಸ್ಕೋ ಬೇಲೂರು, ಸೋಮನಾಥಪುರದ ಜೊತೆ ಅದನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊಯ್ಸಳರಿಗೆ ಯುಜಿಸಿಯ ಆರು ವರ್ಷದ ಮಿತಿ ಇರಲಿಲ್ಲ ಎಂಬುದು ಅವನ ವಾದ.

ಈ ಮಿತಿಯೊಳಗೆ ಆರು ತಿಂಗಳಿಗೊಮ್ಮೆ ಪ್ರಗತಿ ವರದಿಗೆ ಗೈಡ್ ಸಹಿ ಬೇಕು. ಸರ್ ಸಿಗುವುದು ಕ್ಯಾಂಪಸ್ಸಿನಲ್ಲಲ್ಲ. ವೈವಾ, ಮೌಲ್ಯಮಾಪನ ಎಂದು ಸದಾ ರೈಲಿನಲ್ಲಿರುತ್ತಾರೆ. ಹುಬ್ಬಳ್ಳಿ ದಾರಿಗೆ ಹಾಸನ, ಮೈಸೂರಿನ ದಾರಿ ಕೂಡುವ ಜಂಕ್ಷನ್ನಿನಲ್ಲಿ ಹುಟ್ಟಿದ್ದು ನಮ್ಮವನ ಪೂರ್ವಜನ್ಮದ ಪುಣ್ಯ. ಮೊನ್ನೆಯೂ ಮೆಸೇಜ್ ಬಂತು: 'ಎಸ್ 4, ಕಿಟಕಿ'. ಇವನು ಬಾಳೆಲೆಯಲ್ಲಿ ಕಟ್ಟಿಸಿದ ಇಡ್ಲಿ ವಡೆ, ಮೂರು ಪ್ರತಿ ಫಾರಂ, ಎರಡು ಪೆನ್ನು ಹಿಡಿದು ನಿಂತಿದ್ದ. ಸರ್ ಮೊದಲು ವಡೆ ತೆಗೆದುಕೊಂಡರು.

"ಕಂಕ್ಲೂಷನ್ ಓದಿದೆ ಕಣಯ್ಯಾ, ಚೆನ್ನಾಗಿದೆ. ಒಂದು ಸಣ್ಣ ಚೇಂಜು. ಡೀಪ್ ಲರ್ನಿಂಗ್ ಈಗ ಹಳೇದಾಯ್ತು. ಟೈಟಲ್‌ನಲ್ಲಿ ಜನರೇಟಿವ್ ಎಐ ಅಂತ ಸೇರಿಸು."

"ಸರ್, ಹಾಗಾದ್ರೆ ಎಕ್ಸ್‌ಪೆರಿಮೆಂಟ್ ಎಲ್ಲಾ ಮತ್ತೆ..." ಎನ್ನುವಷ್ಟರಲ್ಲಿ ರೈಲು ಅಲುಗಿತು. ಕಿಟಕಿಯ ಕಂಬಿ ಹಿಡಿದು ಪ್ಲಾಟ್‌ಫಾರ್ಮ್ ಮುಗಿಯುವ ತನಕ ನಡೆದ. ಫಾರಂ ಮೂರೂ ಸರ್ ಕೈಯಲ್ಲೇ ಉಳಿದವು. ಬಾಣಾವರ ದಾಟುವ ಹೊತ್ತಿಗೆ ವಾಟ್ಸಾಪಿಗೆ ಫೋಟೋ ಬಂತು, ಸಹಿ ಹಾಕಿದ ಫಾರಂ, ರೈಲಿನ ಕುಲುಕಿಗೆ ಪೂರಾ ಅಲುಗಿದೆ. ಸಹಿಯ ಮೇಲೆ ಸರ್ ಏನೋ ಒಂದು ಪದ ಬರೆದಿದ್ದರು, 'ಅಪ್ರೂವ್ಡ್' ಎಂದೋ 'ರಿವೈಸ್' ಎಂದೋ ತಿಳಿಯಲಿಲ್ಲ. ನಮ್ಮವನು ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದು ಅದನ್ನು ತನ್ನ ಮಾಡೆಲ್ಲಿಗೇ ಕೊಟ್ಟ. ನೂರಕ್ಕೆ 98ರಷ್ಟು ಖಾತ್ರಿಯಿಂದ ಅದು 'ವ' ಎಂದಿತು.