ಬಿಡುಗಡೆ ಸಂಧಿ ಪ್ರಕರಣ: ನಾಗಪುರ ಸೀಮೆಯ ಉದಾಹರಣೆಗಳೊಡನೆ

ಪೀಠಿಕೆ: ಕಂಪ್ಯೂಟರುಗಳನ್ನು ಒಂದಕ್ಕೊಂದು ಮಾತಾಡಿಸುವ ಮುಕ್ತ ಲೈಬ್ರರಿಯ ಹೊಸ ಆವೃತ್ತಿ ಹೊರತರುವುದು ಎಂಜಿನಿಯರಿಂಗ್ ವಿದ್ಯೆಯೆಂದು ಪಾಮರರು ನಂಬಿದ್ದಾರೆ. ಅದು ಶುದ್ಧ ವ್ಯಾಕರಣ. ನಾಗಪುರದ ಧರಮ್‌ಪೇಠೆಯಲ್ಲಿ, ಮೇ ತಿಂಗಳ ಧಗೆಯಲ್ಲಿ, ಕೂಲರಿನ ಸದ್ದನ್ನೇ ಮಂಗಳವಾದ್ಯವೆಂದು ಬಗೆದು ಇದನ್ನು ರಚಿಸಿದ್ದೇವೆ.

ಸೂತ್ರ 1: ಆವೃತ್ತಿಯ ಅಂಕಿ ತ್ರಿಸಂಧಿ.

ಭಾಷ್ಯ: ಹೈಸ್ಕೂಲಿನಲ್ಲಿ ಬೆತ್ತದ ಭಯಕ್ಕೆ ಕಲಿತ ಸಂಧಿ ಈಗ ಉಪಯೋಗಕ್ಕೆ ಬರುತ್ತದೆ. 2.4.1 ಎಂಬಲ್ಲಿ, ಪ್ರೋಗ್ರಾಮುಗಳು ಲೈಬ್ರರಿಗೆ ಕೊಡುವ ಹಳೆಯ ಕರೆಯೊಂದು ಬಿದ್ದುಹೋದರೆ ಮೊದಲ ಅಂಕಿ ಏರುತ್ತದೆ, ಲೋಪ. ಇದ್ದದ್ದು ಹಾಗೇ ಇದ್ದು ಹೊಸದೊಂದು ಬಂದು ಸೇರಿದರೆ ನಡುವಿನದು, ಆಗಮ. ತಪ್ಪಿನ ಜಾಗಕ್ಕೆ ಸರಿ ಬಂದು ಕೂತರೆ ಕೊನೆಯದು, ಆದೇಶ. ಸೊನ್ನೆಯಿಂದ ಶುರುವಾಗುವ ಆವೃತ್ತಿ ಯಾವ ಮಾತೂ ಕೊಡುವುದಿಲ್ಲ, ಏನು ಬೇಕಾದರೂ ಬದಲಾಗಬಹುದು. ಇಲ್ಲಿನ ಜೀರೋ ಮೈಲ್ ಸ್ತಂಭದ ಬಳಿ ನಾಲ್ಕು ಗಾರೆ ಕುದುರೆಗಳಿವೆ. ಒಂದೂ ಈವರೆಗೆ ಹೊರಟಿಲ್ಲ. ವರ್ಷಗಟ್ಟಲೆ 0.9ರಲ್ಲೇ ನಿಂತ ಲೈಬ್ರರಿಗಳಿಗೆ ಇವೇ ಕುಲದೇವತೆ.

ಸೂತ್ರ 2: ನೀರು ನಿಲ್ಲಿಸದೆ ಹೂವಿಲ್ಲ.

ಭಾಷ್ಯ: ನಾಗಪುರದ ಕಿತ್ತಳೆಗೆ ಅಂಬಿಯಾ, ಮೃಗ್ ಎಂದು ಎರಡು ಬಹಾರ್, ಅಂದರೆ ಹೂ ಬಿಡುವ ಕಾಲ. ಹೂ ಬೇಕಾದಾಗ ತೋಟದವರು ಮರಕ್ಕೆ ನೀರು ನಿಲ್ಲಿಸಿ ಬಾಡಿಸುತ್ತಾರೆ. ಬಿಡುಗಡೆಗೆ ಮುನ್ನ ಹೊಸ ಸೌಲಭ್ಯಗಳಿಗೆ ಬಾಗಿಲು ಹಾಕುವುದೂ ಇದೇ ಬೇಸಾಯ. ‘ಇದೊಂದೇ ಸಣ್ಣದು, ಸೇರಿಸಿಬಿಡಿ’ ಎನ್ನುವವನು ಬಾಡಿದ ಮರಕ್ಕೆ ರಾತ್ರಿ ಕದ್ದು ಕೊಡ ಸುರಿದವನಿಗೆ ಸಮಾನ.

ಸೂತ್ರ 3: ಬದಲಾವಣೆ ಪಟ್ಟಿಗೆ ವಾಚ್ಯಾರ್ಥವಿಲ್ಲ.

ಭಾಷ್ಯ: ‘ಸಣ್ಣಪುಟ್ಟ ತಿದ್ದುಪಡಿ’ ಎಂದಿದ್ದರೆ ಮೂರು ರಾತ್ರಿಯ ನಿದ್ದೆ ಹೋಗಿದೆಯೆಂದು ಲಕ್ಷ್ಯಾರ್ಥ.

ಪೂರ್ವಪಕ್ಷ (ಮೊದಲ ಸೂತ್ರಕ್ಕೆ): ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರ ಕರ್ಲ್ ಎಂಬ ಇಂಥದ್ದೇ ಮುಕ್ತ ಲೈಬ್ರರಿ, ತನ್ನ 25ನೇ ಹುಟ್ಟುಹಬ್ಬವಾದ 2023ರ ಮಾರ್ಚ್ 20ರಂದು 7.88.1ರಿಂದ 8.0.0ಕ್ಕೆ ಜಿಗಿಯಿತು. ಲೈಬ್ರರಿಯ ಹಳೆಯ ಕರೆಗಳೆಲ್ಲ ಇದ್ದಂತೆಯೇ ಇದ್ದವು. ಲೋಪವಿಲ್ಲದೆ ಮೊದಲ ಅಂಕಿ ಏರಿದ್ದೆಂತು?

ಸಮಾಧಾನ: ಸಂಧಿಯ ಸಂದರ್ಭ ಬಂದರೂ ಪದ ಹಾಗೇ ಉಳಿದರೆ ಅದಕ್ಕೆ ನಮ್ಮಲ್ಲಿ ಪ್ರಕೃತಿಭಾವವೆಂಬ ಹೆಸರಿದೆ. ಅದೇ ದಿನ ದೋಷ ಕಂಡು 8.0.1 ಹೊರಟದ್ದಂತೂ ನಿರ್ವಿವಾದ ಆದೇಶ. ಶಾಸ್ತ್ರ ಬದುಕಿತು.

ಸಿದ್ಧಾಂತ: ದೋಷಗಳು ಬಿಡುಗಡೆಯ ಮರುಗಳಿಗೆಯೇ ಹೊರಬೀಳುವುದು ಅವುಗಳ ಸ್ವಭಾವವಲ್ಲ, ಅಲ್ಲಿಯವರೆಗೆ ಯಾರೂ ಮುಟ್ಟಿ ನೋಡದಿರುವುದು ನಮ್ಮ ಸ್ವಭಾವ. ಮುಟ್ಟಿ ನೋಡಿದವರೂ ಇದ್ದಾರೆ: ಭಾರತವನ್ನು ಅಳೆದ ಮಹಾ ತ್ರಿಕೋನಮಿತಿ ಸರ್ವೆಯನ್ನು 1802ರಲ್ಲಿ ಮದರಾಸಿನಲ್ಲಿ ಹೂಡುವ ಮೊದಲು ವಿಲಿಯಂ ಲ್ಯಾಂಬ್ಟನ್ 1800ರಲ್ಲೇ ಬೆಂಗಳೂರಿನಲ್ಲಿ ಸರಪಳಿ ಎಳೆದು ನೋಡಿದ್ದ. ನಾಗಪುರದ ಸಂತ್ರಾ (ಕಿತ್ತಳೆ) ಮಾರ್ಕೆಟ್ಟಿನಲ್ಲೂ ವ್ಯಾಪಾರಿ ಸುಲಿದು ಕೊಟ್ಟ ತೊಳೆಯನ್ನು ಬಾಯಿಗಿಡದೆ ಡಜನ್ ಕೊಂಡವರನ್ನು ನಾವು ಕಂಡಿಲ್ಲ. ಲೈಬ್ರರಿಯ ನಿರ್ವಾಹಕರು ಬಿಡುಗಡೆಗೆ ವಾರ ಮೊದಲೇ ಮುಂದಿಡುವ ಪರೀಕ್ಷಾ ಆವೃತ್ತಿಯೂ ಅಂಥದ್ದೇ ತೊಳೆ, ಅದೂ ಪುಕ್ಕಟೆ.

ಪ್ರಬಂಧಕಾರನ ಅರಿಕೆ: ತೊಳೆ ನಾಲ್ಕು ತಿಂದಿದ್ದೇವೆ. ಪರೀಕ್ಷಾ ಆವೃತ್ತಿ ಇಳಿಸಿಕೊಂಡದ್ದಿಲ್ಲ. ದೋಷ ಸಿಕ್ಕ ದಿನ ಬೈದದ್ದುಂಟು.