ಆ ಕಲ್ಲುಗಳನ್ನ ಸುರೀಬೇಡಮ್ಮ

ಅಯ್ಯೋ, ತಾಳಮ್ಮ, ತಾಳು! ಆ ಡಬ್ಬಾನ ಅಲ್ಲಿ ಸುರೀಬೇಡ. ನಿನ್ನ ಮಗ ಕೂಡಿಟ್ಟಿರೋ ಕಲ್ಲು ತಾನೇ ಅವು? ಇಲ್ಲಿ ಕಾಂಪೌಂಡಿನ ಮೇಲಿಡು, ನೋಡೋಣ. ವಾಷಿಂಗ್ ಮೆಷಿನ್ನಿನಲ್ಲಿ ಗಡಗಡ ಸದ್ದಾಯ್ತು ಅಂತ ನಿನಗೆ ಸಿಟ್ಟು, ಸರಿ. ಬಟ್ಟೆ ಹಾಕೋ ಮೊದಲು ಚಡ್ಡಿ ಜೇಬು ಬರಿದು ಮಾಡೋದನ್ನ ಅವನಿಗೇ ಕಲಿಸು. ಆದರೆ ಆರು ವರ್ಷದ ಹುಡುಗ ದಾರೀಲಿ ಕೂತು, ನೂರು ಕಲ್ಲಲ್ಲಿ ಒಂದನ್ನ ಆರಿಸಿ ತಂದಿದಾನಲ್ಲ, ಆ ಆರಿಸೋದೇ ಕಣಮ್ಮ ಓದು. ಮೂವತ್ತು ವರ್ಷ ಪ್ರೈಮರಿ ಮಕ್ಕಳಿಗೆ ಪಾಠ ಹೇಳಿದೋಳು ನಾನು, ನನ್ನ ಮಾತು ಕೇಳು.

ಎಲ್ಲಿ ಸಿಕ್ಕಿದ್ದಂತೆ? ಮೂಲೆ ಸೈಟಿನ ಜಲ್ಲಿ ರಾಶೀಲಾ? ಒಳ್ಳೇದೇ ಆಯ್ತು. ಜಲ್ಲಿ ಈಗಷ್ಟೇ ಕ್ರಷರಿನಲ್ಲಿ ಒಡೆದು ಬಂದಿರುತ್ತೆ, ಮೈ ಸವೆದಿರಲ್ಲ. ಈ ತುಂಡನ್ನ ಬಿಸಿಲಿಗೆ ಹಿಡಿದು ನಿಧಾನಕ್ಕೆ ತಿರುಗಿಸು. ಕಪ್ಪಗೆ ಮಿಂಚುತ್ತಲ್ಲ, ಅದು ಕಾಗೆಬಂಗಾರ. ಉಗುರಲ್ಲಿ ಕೆದಕಿದರೆ ಪದರ ಪದರ ಏಳುತ್ತೆ. ಗಾಜಿನ ಚೂರಿನ ಹಾಗಿರೋದು ಬೆಣಚು. ಬೆಳ್ಳಗೋ ನಸುಗೆಂಪಗೋ ಇದ್ದು, ಬಿಸಿಲಿಗೆ ಫಳಕ್ ಅನ್ನೋದು ಫೆಲ್ಡ್‌ಸ್ಪಾರ್. ಒಂದು ಜಲ್ಲೀಲಿ ಮೂರು ಖನಿಜ!

"ಕಲ್ಲಿಗೂ ಖನಿಜಕ್ಕೂ ಏನು ವ್ಯತ್ಯಾಸ ಅಂತ ಕೇಳ್ತಾನೆ ಆಂಟಿ, ಏನು ಹೇಳಲಿ?" ಅಂತೀಯಾ? ನಾಳೆ ಚಿತ್ರಾನ್ನ ಮಾಡಿ ತಟ್ಟೆ ಮುಂದಿಟ್ಟು ಹೇಳು. ಚಿತ್ರಾನ್ನ ಕಲ್ಲು. ಅದರಲ್ಲಿರೋ ಕಡಲೆಬೀಜ, ಕಡಲೆಬೇಳೆ, ಅನ್ನದ ಅಗುಳು ಖನಿಜಗಳು. ಆಮೇಲೆ ಅವನ ಒಂದು ಅಂಗೈಗೆ ಕಲ್ಲುಪ್ಪು, ಇನ್ನೊಂದಕ್ಕೆ ಕಲ್ಲುಸಕ್ಕರೆ ಹಾಕು. ಎರಡೂ ಹರಳೇ, ಎರಡರ ಹೆಸರಲ್ಲೂ ಕಲ್ಲಿದೆ. ಆದರೆ ಉಪ್ಪು ಖನಿಜ, ಸಕ್ಕರೆ ಅಲ್ಲ. ಅದನ್ನ ಮಾಡಿದ್ದು ಕಬ್ಬು, ಜೀವ ಇರೋ ಗಿಡ. ತಟ್ಟೇಲಿ ಗಟ್ಟಿಯಾಗಿ ಕದಡಿದ ಉಪ್ಪುನೀರು ಹಾಕಿ, ಅಲುಗಾಡಿಸದೆ ಮೂಲೇಲಿಡಿ. ನೀರು ಆರ್ತಾ ಆರ್ತಾ ಪುಟ್ಟ ಪುಟ್ಟ ಚೌಕ ಹರಳು ಕೂರೋದನ್ನ ಅವನೇ ದಿನಾ ನೋಡಲಿ.

ಹೆಸರು ಮಾತ್ರ ಬಾಯಿಪಾಠ ಮಾಡಿಸಬೇಡ. ಮೊದಲು ಕೈಗೆ ಪರಿಚಯ ಆಗಲಿ. ಸ್ಲೇಟಿನ ಮೇಲೆ ಬರೀತಿದ್ದೆವಲ್ಲ, ಆ ಬಳಪದ ಕಲ್ಲನ್ನ ಉಗುರಲ್ಲೇ ಗೀರಬಹುದು. ನಿಮ್ಮ ಹಿತ್ತಲಿನ ಶಹಾಬಾದ್ ಕಲ್ಲಿಗೆ ಉಗುರು ಸಾಲದು, ಕಬ್ಬಿಣದ ಮೊಳೆ ಬೇಕು. ಬೆಣಚಿಗೆ ಮೊಳೆಯೂ ಸೋಲುತ್ತೆ. ಅದೇ ಗಾಜಿನ ಬಾಟಲಿಯನ್ನ ಗೀರುತ್ತೆ. ಯಾವುದು ಯಾವುದನ್ನ ಗೀರುತ್ತೆ ಅನ್ನೋ ಈ ಆಟಾನೇ 1812ರಲ್ಲಿ ಫ್ರೀಡ್ರಿಕ್ ಮೋಸ್ ಅನ್ನೋ ಜರ್ಮನಿಯ ಪಂಡಿತ ಒಂದರಿಂದ ಹತ್ತರವರೆಗೆ ಮೆಟ್ಟಿಲು ಕಟ್ಟಿ ಇಟ್ಟ. ಟಾಲ್ಕ್ 1, ಬೆಣಚು 7, ವಜ್ರ 10. ನಮ್ಮ ಉಗುರು ಎರಡೂವರೆ.

ಇದು ಗೊತ್ತಾದ ಮಗು ಬೇಲೂರಿಗೆ ಹೋದರೆ ನೋಡೋ ರೀತೀನೇ ಬೇರೆ. ಬಳಪದ ಕಲ್ಲು ಮೆತ್ತಗಿರೋದಕ್ಕೇ ಹೊಯ್ಸಳ ಶಿಲ್ಪಿಗಳು ಮದನಿಕೆಯರ ಮೈಮೇಲಿನ ಒಂದೊಂದು ಒಡವೇನೂ ಅಷ್ಟು ನಯವಾಗಿ ಬಿಡಿಸಿದ್ದು. ಹಂಪಿಯದು ಗ್ರಾನೈಟು. ಉಳಿಗೆ ಅಷ್ಟು ಸುಲಭಕ್ಕೆ ಬಗ್ಗಲ್ಲ, ಅಲ್ಲಿನ ಕೆತ್ತನೆಯ ಗತ್ತೇ ಬೇರೆ.

ಇನ್ನೊಂದು ಆಟ ಇದೆ. ನನ್ನ ಹತ್ರ ಸಂಡೂರಿನ ಕಬ್ಬಿಣದ ಅದಿರಿನ ತುಂಡೊಂದಿದೆ, ಸಂಜೆ ಕೊಡ್ತೀನಿ. ನೋಡೋಕೆ ಬೂದುಗಪ್ಪು. ಟೈಲ್ಸಿನ ಹಿಂಬದಿಯ ಒರಟು ಮೈಮೇಲೆ ಉಜ್ಜಿದರೆ ಗೀಟು ಮಾತ್ರ ಕೆಂಪು! ಮೇಲಿನ ಬಣ್ಣ ಮೋಸ ಮಾಡಬಹುದು, ಪುಡಿಯ ಬಣ್ಣ ಮಾಡಲ್ಲ. ಇದನ್ನ ಕಣ್ಣಾರೆ ಕಂಡ ಮಗು ಮರೆಯಲ್ಲ. ಆದರೆ ಕಲ್ಲನ್ನ ಬಾಯಿಗಿಡಬಾರದು, ಆಡಿದ ಮೇಲೆ ಕೈ ತೊಳೀಬೇಕು. ಸುತ್ತಿಗೇಲಿ ಒಡೆಯೋದಾದರೆ ದೊಡ್ಡೋರೇ ಒಡೀಬೇಕು, ಅದೂ ಕಲ್ಲಿಗೆ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ.

ಭಾನುವಾರ ಲಾಲ್‌ಬಾಗಿಗೆ ಕರ್ಕೊಂಡು ಹೋಗು. ಹೂವಿನ ಪ್ರದರ್ಶನ ಇಲ್ಲದಿದ್ದರೂ ಪರವಾಗಿಲ್ಲ, ಕೆಂಪೇಗೌಡರ ಗೋಪುರ ಇರೋ ಬಂಡೆ ಇದೆಯಲ್ಲ, ಅದನ್ನ ನೋಡೋಕೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ದೇಶದ ಭೂವೈಜ್ಞಾನಿಕ ಸ್ಮಾರಕ ಅಂತ ಅದನ್ನ ಕಾಪಾಡ್ತಿದಾರೆ. ನಿನ್ನ ಮಗನಿಗೆ ಡೈನೋಸಾರ್ ಅಂದ್ರೆ ಪ್ರಾಣ ಅಲ್ವಾ? ಡೈನೋಸಾರ್ ಭೂಮಿಗೆ ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಆಗಲೇ ಈ ಬಂಡೆ ಬಹಳ ಹಳೇದು ಅಂತ ಹೇಳು, ಅವನ ಕಣ್ಣು ನೋಡು! ಬಂಡೆ ಮೇಲೆ ಅಂಗೈ ಊರಿ, ಅದರ ಪಟ್ಟೆಗಳನ್ನ ಬೆರಳಲ್ಲಿ ಹಿಂಬಾಲಿಸಲಿ. ಅಲ್ಲಿಂದ ಒಂದು ಚೂರನ್ನೂ ಕಿತ್ತು ತರಬಾರದು ಅನ್ನೋದನ್ನೂ ಅಲ್ಲೇ ಕಲೀಲಿ.

ಡಬ್ಬಾ ಬೇಡ. ಮೊಟ್ಟೆ ಟ್ರೇ ತೊಳೆದು ಒಣಗಿಸಿ ಕೊಡು, ಒಂದೊಂದು ಗುಂಡೀಲಿ ಒಂದೊಂದು ಕಲ್ಲು. ಪಕ್ಕದಲ್ಲಿ ಚೀಟಿ. ಚೀಟೀಲಿ ಕಲ್ಲಿನ ಹೆಸರು ಇಲ್ಲದಿದ್ದರೂ ನಡೆಯುತ್ತೆ, ಎಲ್ಲಿ ಸಿಕ್ತು, ಯಾವತ್ತು ಸಿಕ್ತು ಅನ್ನೋದಿರಬೇಕು. ಹೆಸರು ನಾಳೆ ಹುಡುಕಬಹುದು, ಸಿಕ್ಕ ಜಾಗ ಮರೆತರೆ ಮತ್ತೆ ಬರಲ್ಲ.

ಅಗೋ, ನಲ್ಲಿ ಪಕ್ಕ ಮಗುಚಿ ಬಿದ್ದಿದೆಯಲ್ಲ ನಿಮ್ಮತ್ತೆಯ ರುಬ್ಬೋ ಕಲ್ಲು. ಮಿಕ್ಸಿ ಬಂದ ಮೇಲೆ ಅದರ ಮೇಲೆ ಬಕೆಟ್ ಇಡ್ತಿದೀಯ. ಇವತ್ತು ನೆಟ್ಟಗೆ ನಿಲ್ಲಿಸು. ಮಗ ಸ್ಕೂಲಿಂದ ಬಂದ ಮೇಲೆ ಅವನ ಕೈಲೇ ಒಂದು ಚೊಂಬು ನೀರು ಹುಯ್ಸು. ಒದ್ದೆಯಾದ ಕೂಡಲೇ ಬಣ್ಣ ಏಳುತ್ತೆ. ಜಲ್ಲೀಲಿ ಕಂಡ ಕಾಗೆಬಂಗಾರ, ಬೆಣಚು ಇದರಲ್ಲೂ ಇವೆಯಾ ಅಂತ ಹುಡುಕಲಿ. ಆಮೇಲೆ ಗುಂಡಿಯೊಳಗೆ ಕೈಯಾಡಿಸಿ, ಇಷ್ಟು ಗಟ್ಟಿ ಕಲ್ಲು ಇಷ್ಟು ನುಣುಪಾದದ್ದು ಹೇಗೆ ಅಂತ ಕೇಳ್ತಾನೆ ನೋಡು. ನೀನು ಉತ್ತರ ಹೇಳಬೇಡ. ಅವನ ಅಜ್ಜಿ ಹತ್ರ ಕಳಿಸು.